ಕಾರ್ಖಾನೆಯ ನಿಸ್ತಂತು ಮಾಹಿತಿ ಜಾಲ: ರೇಡಿಯೊ ಹೊಂದಾಣಿಕೆಗಳನ್ನು ನಿರ್ಧರಿಸುವ ಕ್ರಮ

ವಿದ್ಯುತ್ ಮಾಪಕ, ನೀರಿನ ತೊಟ್ಟಿಯ ಮಟ್ಟ, ಬಾಯ್ಲರಿನ ಉಷ್ಣಾಂಶ, ಕಂಪ್ರೆಸರಿನ ಒತ್ತಡ ಮುಂತಾದವುಗಳ ಅಂಕಿಅಂಶಗಳನ್ನು ತಂತಿಯಿಲ್ಲದೆ ಒಂದೆಡೆ ಸಂಗ್ರಹಿಸುವ ವ್ಯವಸ್ಥೆಯು ಈಗ ಸಣ್ಣ ಹಾಗೂ ಮಧ್ಯಮ ಕೈಗಾರಿಕೆಗಳ ಕೈಗೆಟುಕುವಂತಿದೆ. ನೆಲ ಅಗೆದು ಕೇಬಲ್ ಹಾಸುವ ವೆಚ್ಚ ಉಳಿಯುತ್ತದೆ. ಶೆಡ್ಡಿನಿಂದ ಶೆಡ್ಡಿಗೆ ಯಂತ್ರಗಳನ್ನು ಸ್ಥಳಾಂತರಿಸುವುದು ಸುಲಭವಾಗುತ್ತದೆ. ಆದರೆ ಇಂತಹ ಜಾಲಗಳನ್ನು ಅಳವಡಿಸಿಕೊಂಡ ಉದ್ದಿಮೆಗಳಲ್ಲಿ ಒಂದು ದೂರು ಸಾಮಾನ್ಯ. ಅಳವಡಿಸಿದ ದಿನ ಎಲ್ಲವೂ ಸರಿಯಾಗಿರುತ್ತದೆ. ಕೆಲವು ತಿಂಗಳುಗಳ ಬಳಿಕ ಅಲ್ಲೊಂದು ಇಲ್ಲೊಂದು ಮಾಪಕ ಮೌನವಾಗತೊಡಗುತ್ತದೆ. ಆ ಮೌನವನ್ನು ಯಾರೂ ಗಮನಿಸದಿದ್ದರೆ ಒಣಗಿದ ಬಾವಿಯಲ್ಲಿ ಪಂಪು ತಿರುಗಿ ಮೋಟಾರು ಸುಡಬಹುದು; ವಿದ್ಯುತ್ ಬೇಡಿಕೆಯು ಒಪ್ಪಂದದ ಮಿತಿಯನ್ನು ಮೀರಿ ಬಿಲ್ಲಿನಲ್ಲಿ ದಂಡ ಶುಲ್ಕ ಕಾಣಿಸಿಕೊಳ್ಳಬಹುದು.

ದೋಷವು ಅನೇಕ ವೇಳೆ ಉಪಕರಣದಲ್ಲಿರುವುದಿಲ್ಲ, ಅದರ ರೇಡಿಯೊ ಹೊಂದಾಣಿಕೆಯಲ್ಲಿರುತ್ತದೆ. ಹೊಂದಾಣಿಕೆಯೆಂದರೆ ಕೆಲವೇ ಅಂಕಿಗಳು: ಕಂಪನಾಂಕ, ಶಕ್ತಿ, ವೇಗ, ಸಮಯ, ಕೀಲಿ. ಇವುಗಳನ್ನು ಪೂರೈಕೆದಾರರ ತಂತ್ರಜ್ಞರಿಗೆ ಒಪ್ಪಿಸಿ ಸುಮ್ಮನಾಗುವುದು ರೂಢಿ. ಈ ಅಂಕಿಗಳ ಹಿಂದಿನ ತರ್ಕವನ್ನು ಉದ್ದಿಮೆದಾರರು ಹಾಗೂ ಅವರ ನಿರ್ವಹಣಾ ವಿಭಾಗದವರು ತಿಳಿದಿರುವುದು ಅವಶ್ಯಕ. ‘ಎಲ್ಲವನ್ನೂ ಗರಿಷ್ಠಕ್ಕೆ ಏರಿಸಿಬಿಟ್ಟರೆ ಆಯಿತು’ ಎಂಬ ಭಾವನೆಯೇ ಬಹುಪಾಲು ತೊಂದರೆಗಳ ಮೂಲ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಲೆಕ್ಕಸಹಿತ ವಿವರಿಸಲಾಗಿದೆ.

ವಿವರಣೆಗಾಗಿ ಲೋರಾವ್ಯಾನ್ ಎಂಬ ಪದ್ಧತಿಯನ್ನು ಆರಿಸಿಕೊಳ್ಳಲಾಗಿದೆ. 2015ರಲ್ಲಿ ರೂಪುಗೊಂಡ ಲೋರಾ ಅಲಯನ್ಸ್ ಎಂಬ ಒಕ್ಕೂಟವು ಇದರ ನಿಯಮಾವಳಿಯನ್ನು ನಿರ್ವಹಿಸುತ್ತದೆ. ಬ್ಯಾಟರಿಯಿಂದ ನಡೆಯುವ ಮಾಪಕಗಳು ಅಲ್ಪ ಪ್ರಮಾಣದ ಮಾಹಿತಿಯನ್ನು ದೂರದ ಗೇಟ್‌ವೇಗೆ ಕಳುಹಿಸುವುದು ಇದರ ಸ್ವರೂಪ. ಗೇಟ್‌ವೇ ಎಂದರೆ ಎಲ್ಲ ಮಾಪಕಗಳ ಸಂದೇಶಗಳನ್ನು ಸ್ವೀಕರಿಸಿ ಕಂಪ್ಯೂಟರಿಗೆ ತಲುಪಿಸುವ ಕೇಂದ್ರ ಪೆಟ್ಟಿಗೆ.

ಮೊದಲ ನಿರ್ಧಾರ: ದೇಶಕ್ಕೆ ತಕ್ಕ ಕಂಪನಾಂಕ

ಯಾವುದೇ ರೇಡಿಯೊ ಉಪಕರಣದಲ್ಲಿ ಮೊಟ್ಟಮೊದಲು ನೋಡಬೇಕಾದುದು ‘ಪ್ರದೇಶ’ ಎಂಬ ಹೊಂದಾಣಿಕೆಯನ್ನು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಅಲ್ಪಶಕ್ತಿಯ ಉಪಕರಣಗಳಿಗಾಗಿ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಪ್ರಸರಣ ಶಕ್ತಿಗೆ 1 ವ್ಯಾಟ್, ಆಂಟೆನಾದಿಂದ ಹೊರಹೊಮ್ಮುವ ಪರಿಣಾಮಕಾರಿ ವಿಕಿರಣ ಶಕ್ತಿಗೆ 4 ವ್ಯಾಟ್, ವಾಹಕದ ಅಗಲಕ್ಕೆ 200 ಕಿಲೋಹರ್ಟ್ಸ್ ಮಿತಿಗಳನ್ನು ವಿಧಿಸಲಾಯಿತು. 2021ರ ನಿಯಮಗಳ ಮೂಲಕ ಈ ಪಟ್ಟಿಯನ್ನು 868 ಮೆಗಾಹರ್ಟ್ಸ್‌ವರೆಗೆ ವಿಸ್ತರಿಸಲಾಯಿತು. ಪರವಾನಗಿ ಬೇಡವೆಂದ ಮಾತ್ರಕ್ಕೆ ಯಾವ ಉಪಕರಣವನ್ನಾದರೂ ಬಳಸಬಹುದೆಂದು ಅರ್ಥವಲ್ಲ. ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗದಿಂದ ಆ ಮಾದರಿಗೆ ಅನುಮೋದನೆ, ಅಂದರೆ ಇಟಿಎ, ದೊರೆತಿರಬೇಕು. ಖರೀದಿ ಆದೇಶದಲ್ಲಿಯೇ ಇಟಿಎ ಪ್ರಮಾಣಪತ್ರದ ಪ್ರತಿಯನ್ನು ಕೇಳುವುದು ಉಚಿತ.

ಲೋರಾವ್ಯಾನ್ ನಿಯಮಾವಳಿಯಲ್ಲಿ ಭಾರತದ ಯೋಜನೆಗೆ ‘ಐಎನ್865’ ಎಂದು ಹೆಸರು. ಇದರ ಮೂರು ಮೂಲ ಚಾನೆಲ್‌ಗಳು 865.0625, 865.4025 ಮತ್ತು 865.985 ಮೆಗಾಹರ್ಟ್ಸ್. ಯುರೋಪಿನ ಯೋಜನೆಯ ಮೂಲ ಚಾನೆಲ್‌ಗಳು 868.1, 868.3 ಮತ್ತು 868.5 ಮೆಗಾಹರ್ಟ್ಸ್. ಇವೆಲ್ಲವೂ 868ರ ಗಡಿಯನ್ನು ದಾಟಿವೆ; ಆದುದರಿಂದ ನಮ್ಮ ಮುಕ್ತ ಪಟ್ಟಿಯ ಹೊರಗಿವೆ. ಯುರೋಪಿನ ಯೋಜನೆಯಲ್ಲಿ ಗೇಟ್‌ವೇಯು ಮಾಪಕಕ್ಕೆ ಉತ್ತರಿಸಲು ಬಳಸುವ 869.525 ಮೆಗಾಹರ್ಟ್ಸ್ ಅಂತೂ ಭಾರತದಲ್ಲಿ ಮೊಬೈಲ್ ಗೋಪುರಗಳು ಪ್ರಸಾರ ಮಾಡುವ ಪಟ್ಟಿಯೊಳಗೇ ಬೀಳುತ್ತದೆ. ಅಮೆರಿಕದ 902–928 ಮೆಗಾಹರ್ಟ್ಸ್ ಯೋಜನೆಯ ಉಪಕರಣಗಳ ಸ್ಥಿತಿ ಇನ್ನೂ ಗಂಭೀರ. 915 ಮೆಗಾಹರ್ಟ್ಸ್‌ವರೆಗಿನ ಭಾಗದಲ್ಲಿ ನಮ್ಮ ಮೊಬೈಲ್ ಗೋಪುರಗಳು ದೂರವಾಣಿಗಳ ಕ್ಷೀಣ ಸಂಕೇತಗಳನ್ನು ಆಲಿಸುತ್ತಿರುತ್ತವೆ. ಅಲ್ಲಿ ಪ್ರಸಾರ ಮಾಡುವ ಮಾಪಕವು ಸುತ್ತಲಿನ ಬಳಕೆದಾರರಿಗೆ ಅಡ್ಡಿಯಾಗುತ್ತದೆ.

ಹೊರದೇಶದಿಂದ ತರಿಸಿದ ಉಪಕರಣದಲ್ಲಿ ತಯಾರಕರ ಮೂಲ ಹೊಂದಾಣಿಕೆಯನ್ನು ಹಾಗೆಯೇ ಬಿಟ್ಟರೂ ಜಾಲವು ಕೆಲಸ ಮಾಡುವಂತೆ ತೋರುತ್ತದೆ. ತಪ್ಪು ಬೇಗನೆ ಗಮನಕ್ಕೆ ಬಾರದಿರಲು ಇದೇ ಕಾರಣ. ಗೇಟ್‌ವೇ, ಮಾಪಕ ಹಾಗೂ ಜಾಲದ ಸರ್ವರ್, ಈ ಮೂರರಲ್ಲಿಯೂ ಪ್ರದೇಶವು ಐಎನ್865 ಎಂದೇ ಇದೆಯೆಂಬುದನ್ನು ಪ್ರತ್ಯೇಕವಾಗಿ ಖಚಿತಪಡಿಸಿಕೊಳ್ಳಬೇಕು.

ಎರಡನೆಯ ನಿರ್ಧಾರ: ಶಕ್ತಿಯ ಜಮಾಖರ್ಚು

ರೇಡಿಯೊ ಶಕ್ತಿಯನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ವ್ಯಾಪಾರಸ್ಥರಿಗೆ ಇದು ಅಪರಿಚಿತವೆನಿಸಿದರೂ ಜಮಾಖರ್ಚಿನ ಪುಸ್ತಕದಷ್ಟೇ ಸರಳ: ಗುಣಾಕಾರ ಭಾಗಾಕಾರಗಳ ಬದಲು ಇಲ್ಲಿ ಕೂಡುವುದು, ಕಳೆಯುವುದು ಮಾತ್ರ. 3 ಡೆಸಿಬೆಲ್ ಹೆಚ್ಚಿದರೆ ಶಕ್ತಿ ಎರಡು ಪಟ್ಟು. 10 ಹೆಚ್ಚಿದರೆ ಹತ್ತು ಪಟ್ಟು. ಬಯಲಿನಲ್ಲಿ ದೂರವು ಇಮ್ಮಡಿಯಾದರೆ 6 ಡೆಸಿಬೆಲ್ ನಷ್ಟ. 1 ಮಿಲಿವ್ಯಾಟ್ ಶಕ್ತಿಯನ್ನು ಸೊನ್ನೆಯೆಂದು ಇಟ್ಟುಕೊಂಡು ಅಳೆದಾಗ ಅದನ್ನು ‘ಡಿಬಿಎಂ’ ಎನ್ನುತ್ತಾರೆ.

ಒಂದು ಉದಾಹರಣೆ. ಆಡಳಿತ ಕಟ್ಟಡದ ಮೇಲೆ ಗೇಟ್‌ವೇ ಇದೆ. 1 ಕಿಲೋಮೀಟರ್ ದೂರದ ಪಂಪ್‌ಹೌಸಿನಲ್ಲಿ ಮಾಪಕವಿದೆ. ಮಾಪಕದ ಪ್ರಸರಣ ಶಕ್ತಿ 14 ಡಿಬಿಎಂ, ಅಂದರೆ ಕೇವಲ 25 ಮಿಲಿವ್ಯಾಟ್. ಗೇಟ್‌ವೇ ಆಂಟೆನಾದ ಗಳಿಕೆ 6 ಡೆಸಿಬೆಲ್, ಕೇಬಲಿನ ನಷ್ಟ 2. ಆದ್ದರಿಂದ ನಿವ್ವಳ ಜಮೆ 4. 866 ಮೆಗಾಹರ್ಟ್ಸ್‌ನಲ್ಲಿ 1 ಕಿಲೋಮೀಟರ್ ಬಯಲನ್ನು ದಾಟುವಾಗ ಆಗುವ ಖರ್ಚು ಸುಮಾರು 91 ಡೆಸಿಬೆಲ್. 14ಕ್ಕೆ 4 ಕೂಡಿಸಿ 91 ಕಳೆದರೆ ಗೇಟ್‌ವೇಗೆ ತಲುಪುವುದು −73 ಡಿಬಿಎಂ. ಅತಿ ವೇಗದ ಹೊಂದಾಣಿಕೆಯಲ್ಲಿಯೂ ಇಂತಹ ಗೇಟ್‌ವೇಯು ಸುಮಾರು −123 ಡಿಬಿಎಂವರೆಗಿನ ಸಂಕೇತವನ್ನು ಗ್ರಹಿಸಬಲ್ಲದು. ಅಂದರೆ ಕಾಗದದ ಮೇಲೆ 50 ಡೆಸಿಬೆಲ್ ಉಳಿಕೆಯಿದೆ.

ಈ ಉಳಿಕೆಯೇ ಜಾಲದ ನಿಜವಾದ ಬಂಡವಾಳ. ಗೋಡೆ, ತಗಡಿನ ಛಾವಣಿ, ಮರಗಿಡಗಳು ಹಾಗೂ ಅಂಗಳದಲ್ಲಿ ನಿಂತ ಲಾರಿಗಳಿಗೆಂದು 30 ಡೆಸಿಬೆಲ್ ವ್ಯಯವಾದರೂ 20 ಉಳಿಯುತ್ತದೆ. ಎಲ್ಲ ನಷ್ಟಗಳನ್ನೂ ಕಳೆದ ಮೇಲೆ 20 ಡೆಸಿಬೆಲ್‌ನಷ್ಟು ಆಪದ್ಧನ ಇರುವಂತೆ ಯೋಜಿಸುವುದು ಒಳ್ಳೆಯ ಪದ್ಧತಿ. ಮಳೆಗಾಲದಲ್ಲಿ ಎಲೆ ದಟ್ಟವಾದಾಗ, ಹೊಸ ಶೆಡ್ಡು ಎದ್ದಾಗ, ಆಂಟೆನಾದ ಜೋಡಣೆಗೆ ನೀರಿಳಿದಾಗ ಈ ಆಪದ್ಧನವೇ ಜಾಲವನ್ನು ಕಾಪಾಡುತ್ತದೆ.

ಅದೇ ಮಾಪಕವನ್ನು ಉಕ್ಕಿನ ವಿದ್ಯುತ್ ಪೆಟ್ಟಿಗೆಯೊಳಗೆ ಆಂಟೆನಾಸಹಿತ ಇಟ್ಟು ಬಾಗಿಲು ಮುಚ್ಚಿದರೆ ಉಳಿಕೆಯೆಲ್ಲ ಅಲ್ಲಿಯೇ ಕರಗಿಹೋಗಬಹುದು. ಆಗ ಶಕ್ತಿಯನ್ನು 14ರಿಂದ 27 ಡಿಬಿಎಂಗೆ ಏರಿಸಿದರೆ ದೊರೆಯುವುದು 13 ಡೆಸಿಬೆಲ್. ಅದಕ್ಕೆ ತೆರುವ ಬೆಲೆ ಇಪ್ಪತ್ತು ಪಟ್ಟು ಪ್ರಸರಣ ಶಕ್ತಿ, ಪರಿಣಾಮವಾಗಿ ಬ್ಯಾಟರಿಯ ಆಯುಸ್ಸು. ಆಂಟೆನಾವನ್ನು ಒಂದು ಮೀಟರ್ ಕೇಬಲಿನಿಂದ ಪೆಟ್ಟಿಗೆಯ ಹೊರಗೆ ತಂದರೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ಲಾಭವು ಅಲ್ಪ ಖರ್ಚಿನಲ್ಲಿ ದೊರೆಯುತ್ತದೆ. ಎತ್ತರವೂ ಮುಖ್ಯ. 1 ಕಿಲೋಮೀಟರ್ ಅಂತರದ ಎರಡು ಆಂಟೆನಾಗಳ ನಡುವಿನ ನೇರ ರೇಖೆಯ ಸುತ್ತ, ಮಧ್ಯಭಾಗದಲ್ಲಿ ಸುಮಾರು 9 ಮೀಟರ್ ತ್ರಿಜ್ಯದ ಪ್ರದೇಶದಲ್ಲಿ ತರಂಗಗಳು ಸಾಗುತ್ತವೆ. ಇದರ ಶೇ. 60 ಭಾಗವಾದರೂ, ಅಂದರೆ ಐದೂವರೆ ಮೀಟರ್‌ನಷ್ಟು, ಅಡೆತಡೆಯಿಲ್ಲದೆ ತೆರವಾಗಿರಬೇಕು. ಕಣ್ಣಿಗೆ ಗೇಟ್‌ವೇ ಕಾಣಿಸಿದರೆ ಸಾಕೆಂಬ ನಂಬಿಕೆ ಆದ್ದರಿಂದ ಪೂರ್ತಿ ಸರಿಯಲ್ಲ.

ಗೇಟ್‌ವೇಯ ಶಕ್ತಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಗೇಟ್‌ವೇಯ ಪ್ರಸರಣ ಶಕ್ತಿಯನ್ನು ಹೆಚ್ಚಿಸಿದರೆ ಅದರ ಧ್ವನಿ ಮಾತ್ರ ದೊಡ್ಡದಾಗುತ್ತದೆ; ಕಿವಿ ಚುರುಕಾಗುವುದಿಲ್ಲ. ದೂರದ ಮಾಪಕದ ಕ್ಷೀಣ ಸಂಕೇತ ಕೇಳಿಸದಿದ್ದಲ್ಲಿ ಅದರಿಂದ ಪ್ರಯೋಜನವಿಲ್ಲ. ಎರಡನೆಯದಾಗಿ, ಹೊಂದಾಣಿಕೆಯ ಪರದೆಯಲ್ಲಿ ‘ಆಂಟೆನಾ ಗಳಿಕೆ’ ಎಂಬ ಅಂಕಣವಿದ್ದರೆ ಅದನ್ನು ತಪ್ಪದೆ ತುಂಬಬೇಕು. ಅದು ಸೊನ್ನೆಯಾಗಿಯೇ ಉಳಿದರೆ, 6 ಡೆಸಿಬೆಲ್ ಗಳಿಕೆಯ ಆಂಟೆನಾದಿಂದ ಲೆಕ್ಕಕ್ಕಿಂತ ನಾಲ್ಕು ಪಟ್ಟು ಶಕ್ತಿ ಹೊರಹೊಮ್ಮುತ್ತದೆ. ಐಎನ್865 ಯೋಜನೆಯು ಹೊರಹೊಮ್ಮುವ ಶಕ್ತಿಗೆ 30 ಡಿಬಿಎಂ ಮಿತಿಯನ್ನು ಇಟ್ಟಿದೆ.

ನೆರೆಯಲ್ಲಿ ಮೊಬೈಲ್ ಗೋಪುರವಿರುವ ಕಾರ್ಖಾನೆಗಳು ಮತ್ತೊಂದು ಅಂಶವನ್ನು ಗಮನಿಸಬೇಕು. ಗೋಪುರಗಳ ಪ್ರಸಾರವು 869 ಮೆಗಾಹರ್ಟ್ಸ್‌ನಿಂದ, ಅಂದರೆ ನಮ್ಮ ಪಟ್ಟಿಗೆ ತಾಗಿಯೇ, ಆರಂಭವಾಗುತ್ತದೆ. ಆ ಅಬ್ಬರದಲ್ಲಿ ಗೇಟ್‌ವೇಯ ರಿಸೀವರ್ ಕಿವುಡಾಗುವ ಸಂಭವವಿದೆ. ನಮ್ಮ ಪಟ್ಟಿಯನ್ನು ಮಾತ್ರ ಒಳಬಿಡುವ ಫಿಲ್ಟರನ್ನು ಆಂಟೆನಾ ಮತ್ತು ಗೇಟ್‌ವೇ ನಡುವೆ ಜೋಡಿಸುವುದು, ಅಥವಾ ಕಟ್ಟಡವೇ ಮರೆಯಾಗುವಂತೆ ಆಂಟೆನಾದ ಸ್ಥಳ ಬದಲಿಸುವುದು ಇದಕ್ಕೆ ಪರಿಹಾರ.

ಮೂರನೆಯ ನಿರ್ಧಾರ: ವೇಗವೋ, ದೂರವೋ

ಲೋರಾ ರೇಡಿಯೊಗಳಲ್ಲಿ ‘ಸ್ಪ್ರೆಡಿಂಗ್ ಫ್ಯಾಕ್ಟರ್’ ಎಂಬ ಹೊಂದಾಣಿಕೆಯಿದೆ, ಸಂಕ್ಷಿಪ್ತವಾಗಿ ಎಸ್‌ಎಫ್. ಇದನ್ನು 7ರಿಂದ 12ರವರೆಗೆ ಇರಿಸಬಹುದು. ಒಂದೊಂದು ಮೆಟ್ಟಿಲು ಏರಿಸಿದಾಗಲೂ ರಿಸೀವರ್ ಸುಮಾರು 2.5 ಡೆಸಿಬೆಲ್‌ನಷ್ಟು ಹೆಚ್ಚು ಕ್ಷೀಣವಾದ ಸಂಕೇತವನ್ನು ಗ್ರಹಿಸುತ್ತದೆ. ಆದರೆ ಅದೇ ಸಂದೇಶವು ಗಾಳಿಯಲ್ಲಿ ಇರುವ ಅವಧಿ ಪ್ರತಿ ಮೆಟ್ಟಿಲಿಗೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಒಬ್ಬರಿಗೆ ಕೇಳಿಸಲೆಂದು ಬಿಡಿಸಿ ಬಿಡಿಸಿ ನಿಧಾನವಾಗಿ ಮಾತನಾಡಿದಂತೆ ಇದು: ಮಾತು ಸ್ಪಷ್ಟವಾಗುತ್ತದೆ, ಉಳಿದವರ ಸರದಿ ತಡವಾಗುತ್ತದೆ.

20 ಬೈಟ್ ಮಾಹಿತಿಗೆ ಪದ್ಧತಿಯ ತಲೆಬರಹ 13 ಬೈಟ್ ಸೇರಿಸಿ ಒಟ್ಟು 33 ಬೈಟ್ ಸಂದೇಶವನ್ನು 125 ಕಿಲೋಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಕಳುಹಿಸುವುದಾದರೆ ಲೆಕ್ಕ ಹೀಗಿದೆ:

ಎಸ್‌ಎಫ್ 7: ಸುಮಾರು 72 ಮಿಲಿಸೆಕೆಂಡು
ಎಸ್‌ಎಫ್ 10: ಸುಮಾರು 453 ಮಿಲಿಸೆಕೆಂಡು
ಎಸ್‌ಎಫ್ 12: ಸುಮಾರು 1,810 ಮಿಲಿಸೆಕೆಂಡು

ಮೊದಲನೆಯದಕ್ಕೂ ಕೊನೆಯದಕ್ಕೂ ಇಪ್ಪತ್ತೈದು ಪಟ್ಟು ಅಂತರ. ಒಂದೇ ಮಾಪಕವಿದ್ದರೆ ಇದರಿಂದ ಬ್ಯಾಟರಿಯ ಹೊರತು ಬೇರೆ ಬಾಧಕವಿಲ್ಲ. ಮಾಪಕಗಳು ನೂರಾದಾಗ ಚಿತ್ರವೇ ಬದಲಾಗುತ್ತದೆ.

ಈ ಮಾಪಕಗಳು ಒಂದರ ಸರದಿಗೆ ಇನ್ನೊಂದು ಕಾಯುವುದಿಲ್ಲ. ತಮಗೆ ಬೇಕಾದಾಗ ಪ್ರಸಾರ ಮಾಡುತ್ತವೆ. ಹವಾಯಿ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಹೋದ್ಯೋಗಿಗಳು 1971ರಲ್ಲಿ ದ್ವೀಪಗಳ ನಡುವೆ ಕಾರ್ಯಗತಗೊಳಿಸಿದ ‘ಅಲೋಹ’ ಜಾಲದ ಕ್ರಮವೂ ಇದೇ. ಎರಡು ಸಂದೇಶಗಳು ಒಂದೇ ಚಾನೆಲ್‌ನಲ್ಲಿ ಒಂದೇ ವೇಳೆ ಬಂದರೆ ಎರಡೂ ಹಾಳಾಗಬಹುದು. ಚಾನೆಲ್ ಎಷ್ಟು ಭಾಗ ತುಂಬಿದೆಯೆಂಬುದು ತಿಳಿದರೆ ನಷ್ಟವನ್ನು ಸ್ಥೂಲವಾಗಿ ಅಂದಾಜು ಮಾಡಬಹುದು. ಭರ್ತಿಯು ಅಲ್ಪವಾಗಿರುವಾಗ ನಷ್ಟವು ಅದರ ಸುಮಾರು ಎರಡು ಪಟ್ಟು.

ನೂರು ಮಾಪಕಗಳು 15 ನಿಮಿಷಕ್ಕೊಮ್ಮೆ ಮೂರು ಚಾನೆಲ್‌ಗಳಲ್ಲಿ ವರದಿ ಮಾಡುತ್ತಿವೆಯೆಂದು ಭಾವಿಸೋಣ. ಎಲ್ಲವೂ ಎಸ್‌ಎಫ್ 7ರಲ್ಲಿದ್ದರೆ ಇನ್ನೂರು ಸಂದೇಶಗಳಲ್ಲಿ ಒಂದು ನಷ್ಟವಾಗಬಹುದು. ಎಲ್ಲವೂ ಎಸ್‌ಎಫ್ 12ರಲ್ಲಿದ್ದರೆ ಎಂಟರಲ್ಲಿ ಒಂದು ನಷ್ಟ. ಇದೇ ಎಸ್‌ಎಫ್ 12ರಲ್ಲಿ ನಿಮಿಷಕ್ಕೊಮ್ಮೆ ವರದಿ ಬೇಕೆಂದು ಮಾಲೀಕರು ಅಪೇಕ್ಷಿಸಿದರೆ, 60 ಸೆಕೆಂಡಿನಲ್ಲಿ 181 ಸೆಕೆಂಡಿನಷ್ಟು ಪ್ರಸಾರವು ಮೂರು ಚಾನೆಲ್‌ಗಳಿಗೆ ನುಗ್ಗುತ್ತದೆ. ಏಳರಲ್ಲಿ ಒಂದು ಸಂದೇಶ ತಲುಪಿದರೆ ಹೆಚ್ಚು. ಎಲ್ಲ ಮಾಪಕಗಳಿಗೂ ‘ಗರಿಷ್ಠ ದೂರ’ದ ಹೊಂದಾಣಿಕೆಯನ್ನು ಕೊಟ್ಟ ಜಾಲವು ಹತ್ತು ಮಾಪಕಗಳ ಪ್ರಾಯೋಗಿಕ ಹಂತದಲ್ಲಿ ಚೆನ್ನಾಗಿ ನಡೆದು, ನೂರಕ್ಕೆ ಏರಿದಾಗ ಕುಸಿಯುವುದರ ರಹಸ್ಯ ಇದೇ. ಯುರೋಪಿನಲ್ಲಿ 868.0ರಿಂದ 868.6ರವರೆಗಿನ ಪಟ್ಟಿಯಲ್ಲಿ ಉಪಕರಣವೊಂದು ಶೇ. 1ರಷ್ಟು ಕಾಲ ಮಾತ್ರ ಪ್ರಸಾರ ಮಾಡಬಹುದೆಂಬ ಕಟ್ಟಳೆಯಿದೆ. ಐಎನ್865 ಯೋಜನೆಯಲ್ಲಿ ಅಂತಹ ಕಾಲಮಿತಿಯಿಲ್ಲ. ಆದುದರಿಂದ ಸಂಯಮವನ್ನು ನಾವೇ ಪಾಲಿಸಬೇಕಾಗುತ್ತದೆ.

ಸ್ಥಿರವಾಗಿರುವ ಮಾಪಕಗಳಿಗೆ ‘ಎಡಿಆರ್’ ಎಂಬ ಸ್ವಯಂಚಾಲಿತ ವ್ಯವಸ್ಥೆಯನ್ನು ಚಾಲನೆಗೊಳಿಸುವುದು ಉತ್ತಮ. ಇದು ಪ್ರತಿ ಮಾಪಕದ ಸಂಕೇತದ ಗುಣಮಟ್ಟವನ್ನು ಗಮನಿಸಿ, ಸಾಕಾಗುವಷ್ಟೇ ಎಸ್‌ಎಫ್ ಮತ್ತು ಶಕ್ತಿಯನ್ನು ನಿಗದಿಪಡಿಸುತ್ತದೆ. ಫೋರ್ಕ್‌ಲಿಫ್ಟ್, ಟ್ರಾಲಿ ಮುಂತಾದ ಚಲಿಸುವ ವಾಹನಗಳ ಮೇಲಿನ ಉಪಕರಣಗಳಲ್ಲಿ ಇದನ್ನು ನಿಲ್ಲಿಸಬೇಕು. ಏಕೆಂದರೆ ಒಂದು ಸ್ಥಳಕ್ಕೆ ಸರಿಹೊಂದಿದ ನಿರ್ಧಾರವು ಮತ್ತೊಂದು ಸ್ಥಳದಲ್ಲಿ ಸಂಪರ್ಕವನ್ನೇ ಕಡಿಯಬಹುದು. ಎಸ್‌ಎಫ್ 12 ಇಲ್ಲದೆ ತಲುಪದ ಮಾಪಕಗಳು ಹಲವಿದ್ದರೆ ಎರಡನೆಯ ಗೇಟ್‌ವೇ ಅಳವಡಿಸುವುದೇ ಮಿತವ್ಯಯದ ದಾರಿ.

ನಾಲ್ಕನೆಯ ನಿರ್ಧಾರ: ಚಾನೆಲ್ ಮತ್ತು ಸಮಯ

ಸಾಮಾನ್ಯ ಗೇಟ್‌ವೇಗಳು ಏಕಕಾಲಕ್ಕೆ ಎಂಟು ಚಾನೆಲ್‌ಗಳನ್ನು ಆಲಿಸಬಲ್ಲವು. ಕೇವಲ ಮೂರು ಮೂಲ ಚಾನೆಲ್‌ಗಳಿಂದ ತೃಪ್ತರಾಗದೆ, ಮುಕ್ತ ಪಟ್ಟಿಯೊಳಗೇ ಇನ್ನು ಐದನ್ನು ಸೇರಿಸುವಂತೆ ಪೂರೈಕೆದಾರರನ್ನು ಕೇಳಬಹುದು. ಮೇಲಿನ ಉದಾಹರಣೆಯಲ್ಲಿ ಎಸ್‌ಎಫ್ 12ರ ನಷ್ಟವು ಎಂಟರಲ್ಲಿ ಒಂದರಿಂದ ಇಪ್ಪತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಹೊಸ ಯಂತ್ರದ ಖರ್ಚಿಲ್ಲ.

ಎಲ್ಲ ಮಾಪಕಗಳೂ ಗಂಟೆ ಬಾರಿಸಿದೊಡನೆ ವರದಿ ಮಾಡುವಂತೆ ಹೊಂದಿಸುವುದು ಮತ್ತೊಂದು ಸಾಮಾನ್ಯ ದೋಷ. ಆ ಕ್ಷಣದಲ್ಲಿ ನೂಕುನುಗ್ಗಲು, ಉಳಿದ ವೇಳೆ ಖಾಲಿ. ಪ್ರತಿ ಮಾಪಕಕ್ಕೂ ಯಾದೃಚ್ಛಿಕವಾದ ಕೆಲವು ಸೆಕೆಂಡುಗಳ ವಿಳಂಬವನ್ನು ಕೊಡಬೇಕು. ವಿದ್ಯುತ್ ಕಡಿತವಾಗಿ ಮರಳಿ ಬಂದಾಗಲೂ ಇದೇ ಪ್ರಸಂಗ ಒದಗುತ್ತದೆ: ನೂರು ಉಪಕರಣಗಳು ಏಕಕಾಲಕ್ಕೆ ಎಚ್ಚೆತ್ತು ಜಾಲವನ್ನು ಸೇರಲು ಧಾವಿಸುತ್ತವೆ. ಈ ಸೇರ್ಪಡೆಯ ಪ್ರಯತ್ನಗಳನ್ನು ಹಲವು ನಿಮಿಷಗಳ ಅವಧಿಗೆ ಹರಡುವ ಹೊಂದಾಣಿಕೆ ಇದೆಯೇ ಎಂಬುದನ್ನು ಖರೀದಿಗೆ ಮುನ್ನವೇ ವಿಚಾರಿಸಬೇಕು.

ಪ್ರತಿ ಸಂದೇಶಕ್ಕೂ ಗೇಟ್‌ವೇಯಿಂದ ಸ್ವೀಕೃತಿಯನ್ನು ಕೇಳುವುದು ಸುರಕ್ಷಿತವೆನಿಸಬಹುದು. ಆದರೆ ಗೇಟ್‌ವೇಯು ಉತ್ತರಿಸುತ್ತಿರುವಷ್ಟು ಕಾಲ ಸಾಮಾನ್ಯವಾಗಿ ಏನನ್ನೂ ಆಲಿಸಲಾರದು. ಒಬ್ಬರಿಗೆ ಸ್ವೀಕೃತಿ ಬರೆಯುವಷ್ಟರಲ್ಲಿ ಇತರರ ಪತ್ರಗಳು ಕಳೆದುಹೋಗುತ್ತವೆ. ಎಚ್ಚರಿಕೆಯ ಸಂದೇಶಗಳಿಗೆ ಮಾತ್ರ ಸ್ವೀಕೃತಿಯನ್ನು ಮೀಸಲಿಟ್ಟು, ನಿತ್ಯದ ಅಂಕಿಗಳಿಗೆ ಅದನ್ನು ಕೈಬಿಡುವುದು ಲೇಸು.

ಇಷ್ಟೆಲ್ಲ ಮಾಡಿದರೂ ಇದು ನಿಗಾ ವಹಿಸುವ ಜಾಲವೇ ಹೊರತು ಸುರಕ್ಷತಾ ಜಾಲವಲ್ಲ. ಬಾಯ್ಲರನ್ನು ತುರ್ತಾಗಿ ನಿಲ್ಲಿಸುವಂತಹ ಕಾರ್ಯವನ್ನು ಇದಕ್ಕೆ ಒಪ್ಪಿಸಬಾರದು. ಅದು ತಂತಿಯ ಮೂಲಕವೇ ನಡೆಯಬೇಕು. ಪ್ರಕ್ರಿಯಾ ಕೈಗಾರಿಕೆಗಳಲ್ಲಿ ನಿಗದಿತ ಸಮಯಕ್ಕೆ ಮಾಪನ ತಲುಪಲೇಬೇಕಾದಲ್ಲಿ ವೈರ್‌ಲೆಸ್‌ಹಾರ್ಟ್‌ನಂತಹ ಪದ್ಧತಿಗಳಿವೆ. 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಇದು ಪ್ರತಿ ಉಪಕರಣಕ್ಕೂ 10 ಮಿಲಿಸೆಕೆಂಡಿನ ಸರದಿಗಳನ್ನು ಹಂಚಿ, ಚಾನೆಲ್ ಬದಲಿಸುತ್ತಾ ಸಾಗುತ್ತದೆ. ಪೀಣ್ಯದಂತೆ ಗೋಡೆಗೆ ಗೋಡೆ ತಾಗಿದ ಕೈಗಾರಿಕಾ ಪ್ರದೇಶಗಳಲ್ಲಿ ನೆರೆಯವರ ವೈಫೈ ಕೂಡ ಇದೇ ಪಟ್ಟಿಯಲ್ಲಿರುತ್ತದೆ. ಅಲ್ಲಿ ಕಾರ್ಖಾನೆಯ ಸ್ವಂತ ವೈಫೈಯನ್ನು 1, 6, 11 ಎಂಬ ಪರಸ್ಪರ ಅತಿಕ್ರಮಿಸದ ಚಾನೆಲ್‌ಗಳಿಗೆ ಸೀಮಿತಗೊಳಿಸಿ, ವೈಫೈ ಹೆಚ್ಚು ಆಕ್ರಮಿಸಿದ ಚಾನೆಲ್‌ಗಳನ್ನು ಮಾಪನ ಜಾಲದ ಪಟ್ಟಿಯಿಂದ ಕೈಬಿಡಬೇಕು.

ಐದನೆಯ ನಿರ್ಧಾರ: ಕೀಲಿ ಯಾರ ಕೈಯಲ್ಲಿ?

ಲೋರಾವ್ಯಾನ್‌ನಲ್ಲಿ ಮಾಹಿತಿಯು 128 ಬಿಟ್‌ಗಳ ಎಇಎಸ್ ಗೂಢಲಿಪಿಯಿಂದ ರಕ್ಷಿತವಾಗಿರುತ್ತದೆ. ಬೀಗ ಗಟ್ಟಿಯಾದುದೇ, ಕೀಲಿಯನ್ನು ಕಾಪಾಡುವ ಹೊಣೆ ನಮ್ಮದು. ಎಲ್ಲ ಮಾಪಕಗಳಿಗೂ ಒಂದೇ ಕೀಲಿಯಿದ್ದರೆ ಒಂದು ಕಳುವಾದಾಗ ಇಡೀ ಜಾಲ ತೆರೆದುಕೊಳ್ಳುತ್ತದೆ. ಪ್ರತಿ ಮಾಪಕಕ್ಕೂ ಪ್ರತ್ಯೇಕ ಕೀಲಿಯಿರಬೇಕು. ಕೀಲಿಗಳ ಪಟ್ಟಿಯು ಖರೀದಿಯ ಭಾಗವಾಗಿ ಮಾಲೀಕರಿಗೆ ಹಸ್ತಾಂತರವಾಗಬೇಕು. ಗೇಟ್‌ವೇಯ ಆಡಳಿತ ಪರದೆಗೆ ತಯಾರಕರು ಕೊಟ್ಟ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ಕೀಲಿಗಳು ಪೂರೈಕೆದಾರರ ಬಳಿ ಮಾತ್ರ ಉಳಿದರೆ, ಸೇವೆ ತೃಪ್ತಿಕರವಾಗಿಲ್ಲದಾಗ ಬೇರೊಬ್ಬರನ್ನು ನೇಮಿಸುವ ಸ್ವಾತಂತ್ರ್ಯವೂ ಅವರಲ್ಲಿಯೇ ಉಳಿಯುತ್ತದೆ.

ಪರೀಕ್ಷೆ ಮತ್ತು ದಾಖಲೆ

ಭಾನುವಾರ ಯಂತ್ರಗಳು ನಿಂತಿರುವಾಗ ಮಾಡಿದ ಪರೀಕ್ಷೆಯು ಕಾರ್ಖಾನೆಯ ನೈಜ ಸ್ಥಿತಿಯನ್ನು ತೋರಿಸದು. ಎಲ್ಲ ಯಂತ್ರಗಳೂ ಚಾಲನೆಯಲ್ಲಿದ್ದು, ಉಗ್ರಾಣ ತುಂಬಿದ್ದು, ಶಟರ್‌ಗಳು ಮುಚ್ಚಿರುವಾಗ ಅಳತೆ ಮಾಡಬೇಕು. ಸಂಕೇತದ ಬಲದ ಜೊತೆಗೆ ಸಂಕೇತ ಮತ್ತು ಗದ್ದಲದ ಅನುಪಾತವನ್ನೂ ಬರೆದುಕೊಳ್ಳಬೇಕು. ಈ ಅನುಪಾತವು ಎಸ್‌ಎಫ್ 7ಕ್ಕೆ ಕನಿಷ್ಠ −7.5, ಎಸ್‌ಎಫ್ 12ಕ್ಕೆ −20 ಡೆಸಿಬೆಲ್ ಇರಬೇಕಾಗುತ್ತದೆ. ಈ ಗಡಿಯಲ್ಲಿಯೇ ಇರುವ ಮಾಪಕವು ಮಳೆಗಾಲವನ್ನು ದಾಟುವುದು ಸಂದೇಹ.

ನಷ್ಟವನ್ನು ಅಳೆಯಲು ವಿಶೇಷ ಉಪಕರಣ ಬೇಕಿಲ್ಲ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆಯಿರುತ್ತದೆ. 500ರ ನಂತರ 503 ಬಂದರೆ ಎರಡು ಕಳೆದುಹೋಗಿವೆಯೆಂದು ತಿಳಿಯುತ್ತದೆ. ವಾರಕ್ಕೊಮ್ಮೆ ಈ ಲೆಕ್ಕವನ್ನು ತೆಗೆಯುವ ಅಭ್ಯಾಸವಿದ್ದರೆ ಮಾಪಕವು ಪೂರ್ಣವಾಗಿ ಮೌನವಾಗುವ ಮೊದಲೇ ಸುಳಿವು ಸಿಗುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ‘ಸೊನ್ನೆ’ ಮತ್ತು ‘ವರದಿ ಬಂದಿಲ್ಲ’ ಎಂಬ ಎರಡು ಸ್ಥಿತಿಗಳು ಬೇರೆ ಬೇರೆ ಬಣ್ಣದಲ್ಲಿ ಕಾಣಿಸಬೇಕು. ಮೂರು ವರದಿಗಳು ಸತತವಾಗಿ ತಪ್ಪಿದರೆ ಮೇಲ್ವಿಚಾರಕರಿಗೆ ಸೂಚನೆ ಹೋಗಬೇಕು.

ಕೊನೆಯದಾಗಿ, ಪ್ರತಿ ಜಾಲಕ್ಕೂ ಒಂದು ಪುಟದ ದಾಖಲೆ ಇರಲಿ. ಅದರಲ್ಲಿ ಪ್ರದೇಶ ಸಂಕೇತ, ಚಾನೆಲ್‌ಗಳು, ಪ್ರತಿ ಮಾಪಕದ ಸ್ಥಳ, ಶಕ್ತಿ, ಎಸ್‌ಎಫ್, ವರದಿಯ ಅವಧಿ, ಆಂಟೆನಾದ ಗಳಿಕೆ ಮತ್ತು ಎತ್ತರ, ಅಳವಡಿಸಿದ ದಿನದ ಸಂಕೇತದ ಅಳತೆ, ಇಟಿಎ ಸಂಖ್ಯೆ, ಬದಲಾವಣೆ ಮಾಡಿದವರ ಹೆಸರು ಹಾಗೂ ದಿನಾಂಕ ನಮೂದಾಗಿರಬೇಕು. ಕೀಲಿಗಳನ್ನು ಮಾತ್ರ ಬೇರೆಡೆ ಭದ್ರವಾಗಿ ಇಡಬೇಕು. ಒಂದು ಸಲಕ್ಕೆ ಒಂದೇ ಹೊಂದಾಣಿಕೆಯನ್ನು ಬದಲಿಸಿ, ಒಂದು ದಿನವಾದರೂ ಪರಿಣಾಮವನ್ನು ಗಮನಿಸಿದ ಬಳಿಕವೇ ಮುಂದಿನದಕ್ಕೆ ಕೈಹಾಕಬೇಕು.

ವ್ಯಾಪಾರದಲ್ಲಿ ಬಂಡವಾಳವನ್ನೆಲ್ಲ ಒಮ್ಮೆಗೇ ತೊಡಗಿಸದೆ ಕಷ್ಟಕಾಲಕ್ಕೆಂದು ಸ್ವಲ್ಪ ಉಳಿಸಿಕೊಳ್ಳುವುದು ನಮ್ಮ ಹಿರಿಯರ ನಡವಳಿಕೆ. ರೇಡಿಯೊ ಜಾಲಕ್ಕೂ ಅದೇ ನೀತಿ ಅನ್ವಯಿಸುತ್ತದೆ. ಕಾನೂನಿನ ಎಲ್ಲೆಯೊಳಗಿನ ಕಂಪನಾಂಕ, ಸಾಕಾಗುವಷ್ಟು ಶಕ್ತಿ, ಅಗತ್ಯಕ್ಕೆ ತಕ್ಕ ವೇಗ, ಇತರರಿಗೂ ಎಡೆಕೊಡುವ ಸಮಯ ಹಾಗೂ ನಮ್ಮ ಕೈಯಲ್ಲಿಯೇ ಇರುವ ಕೀಲಿ ಈ ಐದನ್ನು ಆಯ್ದುಕೊಂಡು, ಮೇಲೆ 20 ಡೆಸಿಬೆಲ್ ಉಳಿಕೆಯನ್ನು ಇಟ್ಟುಕೊಂಡ ಜಾಲವು ಮಳೆಗಾಲದಲ್ಲಿಯೂ ವರದಿ ತಪ್ಪಿಸದು. ಸದಸ್ಯ ಉದ್ದಿಮೆದಾರರು ತಮ್ಮಲ್ಲಿ ಈಗಾಗಲೇ ಇರುವ ಜಾಲಗಳ ಹೊಂದಾಣಿಕೆಯ ಪುಟವನ್ನು ಪೂರೈಕೆದಾರರಿಂದ ಕೇಳಿ ಪಡೆದು, ಮೊದಲಿಗೆ ‘ಪ್ರದೇಶ’ ಎಂಬ ಒಂದು ಅಂಕಣವನ್ನಾದರೂ ಪರಿಶೀಲಿಸುವುದು ಸೂಕ್ತ.